ಮೂವರು ಅಣ್ಣಂದಿರಿಗೆ ಒಬ್ಬಳೇ ತಂಗಿ

ಅತ್ತೆಯ ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ. ಹತ್ತಕ್ಕೆ ಹತ್ತೂ ಬೆಳ್ಳಗೆ, ನುಣ್ಣಗೆ, ಕೊಂಚ ಊದಿಕೊಂಡು, ಯಾವಾಗ ನೋಡಿದರೂ ಈಗಷ್ಟೇ ನೀರಿನಿಂದ ತೆಗೆದ ಹಾಗೆ ಇರುತ್ತಿದ್ದವು. ದೇವನಹಳ್ಳಿ ಪಕ್ಕದ ವಿಜಯಪುರದ ರೇಷ್ಮೆ ಬಿಚ್ಚಾಣಿಕೆ ಘಟಕವೊಂದರಲ್ಲಿ ಮೂವತ್ತು ವರ್ಷ ಬಿಸಿನೀರಿನ ಬಾಣಲೆಯ ಮುಂದೆ ಕೂತು, ಬೆಂದ ಗೂಡುಗಳ ನಡುವೆ ಕೈಯಾಡಿಸಿ ಎಳೆ ಹುಡುಕಿದ ಬೆರಳುಗಳವು. ನ್ಯಾಯಬೆಲೆ ಅಂಗಡಿಗೆ ಹೆಬ್ಬೆಟ್ಟು ಒತ್ತುವ ಯಂತ್ರ ಬಂದಾಗ ಮೊದಲ ತಿಂಗಳೇ ಅದು ಅತ್ತೆಯನ್ನು ಒಪ್ಪಲಿಲ್ಲ. ಒರೆಸಿ ಒತ್ತಿದರು, ತಲೆಗೆ ಉಜ್ಜಿ ಎಣ್ಣೆ ಹತ್ತಿಸಿಕೊಂಡು ಒತ್ತಿದರು, ಎಡಗೈಯದನ್ನೂ ಒತ್ತಿದರು. ಪ್ರತಿ ಸಲವೂ ಕೆಂಪು ದೀಪ. “ನಾನು ಇಲ್ಲ ಅಂತೈತಾ? ಇನ್ನೊಂದ್ ಕಿತ ಕೇಳಪ್ಪಾ, ಎದ್ರುಗೇ ನಿಂತಿವ್ನಿ ಅನ್ನು” ಎಂದರು ಅತ್ತೆ. ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು, ನಾನೂ ನಕ್ಕೆ.

ನನಗೂ ಅವರಿಗೂ ರಕ್ತಸಂಬಂಧವೇನೂ ಇರಲಿಲ್ಲ. ವಿಜಯಪುರದಿಂದ ಒಂದಿಷ್ಟು ದೂರದ ನಮ್ಮೂರಿನಲ್ಲಿ ಅವರು ನಮ್ಮ ಎದುರು ಮನೆಯವರು, ಅಷ್ಟೆ. ನಮ್ಮ ಕಡೆ ಊರಿನೊಳಗೆ ದೊಡ್ಡವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಅಪ್ಪ ಯಾರನ್ನು ಅಕ್ಕ ಎನ್ನುತ್ತಾನೋ ಅವರು ಮಕ್ಕಳಿಗೆ ಅತ್ತೆ. ಹಾಗೆ ಇಡೀ ಬೀದಿಯ ಮಕ್ಕಳಿಗೆ ಅವರು ಅತ್ತೆಯಾಗಿದ್ದರು. ಹುಟ್ಟಿನಿಂದ ಅತ್ತೆ ಎನ್ನುವ ಹಕ್ಕಿದ್ದದ್ದು ಅವರ ಮೂವರು ಅಣ್ಣಂದಿರ ಮಕ್ಕಳಿಗೆ. ಹದಿನಾರಕ್ಕೆ ಅವರನ್ನು ಹೊಸಕೋಟೆ ಕಡೆಯ ಸಮೇತನಹಳ್ಳಿಗೆ ಮದುವೆ ಮಾಡಿ ಕೊಟ್ಟಿದ್ದರಂತೆ. ಎರಡು ವರ್ಷ ತುಂಬುವ ಮೊದಲೇ ಗಂಡ ತೀರಿಕೊಂಡ, ಮಕ್ಕಳಾಗಿರಲಿಲ್ಲ. ಅತ್ತೆಯ ಅಪ್ಪ ಹೋಗಿ ಕರೆತಂದು, ತನ್ನ ಹೊಲದ ಅಂಚಿನಲ್ಲಿ ಬೀದಿಗೆ ಬಾಗಿಲಿಟ್ಟು ಒಂದು ಹೆಂಚಿನ ಕೋಣೆ ಕಟ್ಟಿಸಿಕೊಟ್ಟು, “ಇದು ನಿಂದು ಮಗಾ” ಅಂದನಂತೆ. ಬಾಯಿಮಾತಿನಲ್ಲಿ ಕೊಟ್ಟದ್ದು. ಆ ಕಾಲಕ್ಕೆ ಅದೇ ಸಾಕಿತ್ತು.

ಸಂಜೆಯ ಬಸ್ಸಿಗೆ ಘಟಕದಿಂದ ಬಂದು, ಕೈಕಾಲು ತೊಳೆದು, ಜಗುಲಿಯ ಮೇಲೆ ಕಾಲು ಚಾಚಿ ಕೂತರೆಂದರೆ ಬೀದಿಯ ಹುಡುಗಿಯರು ಸುತ್ತ ಸೇರುತ್ತಿದ್ದೆವು. ಸೀರೆಯಿಂದ ಬೆಂದ ಹುಳುವಿನ ವಾಸನೆ ಬರುತ್ತಿತ್ತು. ಅದನ್ನು ಸಹಿಸಿಕೊಂಡು ಕೂರುತ್ತಿದ್ದದ್ದು ಒಗಟಿಗಾಗಿ. ಬೇರೆ ಅಜ್ಜಿಯರ ಒಗಟುಗಳಲ್ಲಿ ಕಾಯಿ, ಹೂವು, ದೀಪ, ಬಾವಿ ಇರುತ್ತಿದ್ದವು. ನಮ್ಮ ಅತ್ತೆಯ ಒಗಟಿನಲ್ಲಿ ಬರೀ ನೆಂಟರು. ಯಾರಿಗೆ ಯಾರು ಏನಾಗಬೇಕು ಎನ್ನುವುದನ್ನು ಬಿಟ್ಟು ಅವರು ಬೇರೆ ಏನನ್ನೂ ಕೇಳುತ್ತಿರಲಿಲ್ಲ.

“ಒಬ್ಬ ತಾಯಿ ಮಗಳು, ಇನ್ನೊಬ್ಬ ತಾಯಿ ಮಗಳು ದ್ಯಾವನಹಳ್ಳಿ ಸಂತೆಗೋದ್ರು. ಮೂರು ಚಕ್ಕೋತ ತಂದ್ರು. ಒಬ್ಬೊಬ್ರೂ ಒಂದೊಂದ್ ಇಡೀ ಹಣ್ಣು ತಿಂದ್ರು. ಎಂಗೆ ಸರಿಹೋಯ್ತು?”

ಒಬ್ಬಳು ಹೆಚ್ಚಾದಳಲ್ಲ ಎಂದು ನಾವು ತಲೆ ಕೆರೆದುಕೊಳ್ಳುತ್ತಿದ್ದೆವು. ಅಜ್ಜಿ, ಅವಳ ಮಗಳು, ಆ ಮಗಳ ಮಗಳು, ಒಟ್ಟು ಮೂರೇ ಜನ. ನಡುವಿನವಳು ಮಗಳೂ ಹೌದು, ತಾಯಿಯೂ ಹೌದು. ಇನ್ನೊಂದು ದಿನ, ಹೊಲಕ್ಕೆ ಬುತ್ತಿ ಹೊತ್ತ ಹೆಂಗಸೊಬ್ಬಳ ಕತೆ. ನೇಗಿಲು ಹಿಡಿದವನು ನಿನಗೇನಾಗಬೇಕು ಎಂದು ದಾರಿಹೋಕ ಕೇಳಿದರೆ ಅವಳು, ಅವನ ಅತ್ತೆ ನನ್ನ ಅತ್ತೆಗೆ ಹೆತ್ತತಾಯಿ ಎಂದಳಂತೆ. ಗಂಡ ಎಂದು ನಾನು ಬಾಯಿ ಹಾಕಿದೆ. “ಮಾವನ್ನ ಗಂಡ ಮಾಡ್ಬುಟ್ಟೆಯಲ್ಲೇ ಮುಂಡೇದೆ, ಮನೆ ಉಳೀತದಾ?” ಎಂದು ತಲೆಗೆ ಮೊಟಕಿದರು.

ಈ ಆಟಕ್ಕೆ ಅವರು ಒಂದು ನಿಯಮ ಮಾಡಿಕೊಂಡಿದ್ದರು. ಕೇಳುವ ಮುಂಚೆ ಪ್ರತಿ ಸಲವೂ ದನಿ ತಗ್ಗಿಸಿ ಹೇಳುತ್ತಿದ್ದರು: “ನೋಡ್ಕೊಂಡು ಯೋಳಿ. ತಪ್ಪು ಯೋಳಿದ್ರೆ ಒಂದು ಜೀವ ಹೋಯ್ತದೆ.” ಲೆಕ್ಕದಲ್ಲಿ ನಾವು ಯಾರನ್ನಾದರೂ ಬಿಟ್ಟರೆ ಅವರು ನಗುತ್ತಿರಲಿಲ್ಲ. ಬಿಟ್ಟುಹೋದವರು ಯಾರೆಂದು ಹೇಳಿ, “ಇದ್ದೋಳ್ನ ಕೊಂದೆಯಲ್ಲೇ” ಎಂದು ನಮ್ಮ ಮುಖವನ್ನೇ ನೋಡುತ್ತಿದ್ದರು. ನನ್ನ ಗೆಳತಿಯೊಬ್ಬಳು ಒಂದು ಸಲ ಅಳಲು ಶುರುಮಾಡಿದ್ದಳು. ಅವರ ಇಷ್ಟದ ಒಗಟು ಮಾತ್ರ ಬಹಳ ಚಿಕ್ಕದು: ಒಬ್ಬ ಯಜಮಾನನಿಗೆ ಮೂವರು ಗಂಡುಮಕ್ಕಳು, ಒಬ್ಬೊಬ್ಬನಿಗೂ ಒಬ್ಬ ತಂಗಿ, ಒಟ್ಟು ಮಕ್ಕಳೆಷ್ಟು? ಆರು ಎಂದು ಕೂಗಿದ ನನಗೆ, “ಇಲ್ಲದ ಇಬ್ರನ್ನ ಎಲ್ಲಿಂದ ತಂದ್ಯೇ? ಮೂವರ್ಗೂ ಸೇರಿ ಒಬ್ಳೇ ತಂಗಿ. ನಾಲ್ಕು” ಎಂದು ತಿದ್ದಿದ್ದರು. ಆ ಮನೆ ಯಾರದೆಂದು ಯೋಚಿಸುವಷ್ಟು ಬುದ್ಧಿ ನಮಗಿರಲಿಲ್ಲ.

ಎದೆ ನಡುಗಿಸಿದ ಮೊದಲ ಸಂಗತಿ ಒಂದು ಲಗ್ನಪತ್ರಿಕೆಯದು. ನಾನು ಮದುವೆಯಾಗಿ ದೊಡ್ಡಬಳ್ಳಾಪುರಕ್ಕೆ ಹೋಗಿದ್ದವಳು ಗಂಡನ ಮಗ್ಗಗಳು ನಿಂತ ಮೇಲೆ ಊರಿಗೇ ವಾಪಸಾಗಿ, ಹೋಬಳಿಯ ಕಚೇರಿಯೊಂದರ ಎದುರು ಜೆರಾಕ್ಸ್ ಅಂಗಡಿ ಹಾಕಿದ್ದೆ. ಅತ್ತೆಯ ಎರಡನೆಯ ಅಣ್ಣನ ಮಗನಿಗೆ ಮದುವೆ ಗೊತ್ತಾಗಿತ್ತು. ಅತ್ತೆ ಪತ್ರಿಕೆ ಹಿಡಿದುಕೊಂಡು ಬಂದು ಓದು ಎಂದರು. ದೇವರ ಹೆಸರಿನಿಂದ ಹಿಡಿದು ಓದಿದೆ. ಆಗಮನಾಭಿಲಾಷಿಗಳು ಎಂದು ಕೆಳಗೆ ದೊಡ್ಡ ಪಟ್ಟಿಯಿತ್ತು. ಅಣ್ಣಂದಿರು, ಅತ್ತಿಗೆಯರು, ಅವರ ಮಕ್ಕಳು ಸೊಸೆಯರು, ಇನ್ನೂ ತೊಟ್ಟಿಲಲ್ಲಿದ್ದ ಕೂಸಿನ ಹೆಸರೂ ಇತ್ತು. ನಾನು ಒಂದೊಂದು ಹೆಸರು ಓದಿದಂತೆ ಅವರು ಒಂದೊಂದು ಬೆರಳು ಮಡಚಿದರು. ಮುಗಿದ ಮೇಲೆ, “ಇನ್ನೊಂದ್ ಕಿತ ಓದು” ಎಂದರು. ಓದಿದೆ. “ಹಿಂದ್ಗಡೆ?” ಹಿಂದುಗಡೆ ಛತ್ರದ ದಾರಿಯ ನಕ್ಷೆಯಿತ್ತು.

“ಅಚ್ಚಾಕೋರು ಮರ್ತಿರ್ತಾರೆ ಬುಡು” ಎಂದು ಪತ್ರಿಕೆಯನ್ನು ಚೀಲಕ್ಕೆ ಹಾಕಿಕೊಂಡರು. ಮದುವೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಊಟ ಮಾಡಿ, ಮುಯ್ಯಿ ಮಾಡಿ ಬಂದರು. ಫೋಟೊಗ್ರಾಫರ್ ಮನೆಯವರೆಲ್ಲ ಬನ್ನಿ ಎಂದು ಕರೆದಾಗ ಅತ್ತೆ ಸೆರಗು ಸರಿಮಾಡಿಕೊಂಡು ಅರ್ಧ ಎದ್ದು ನಿಂತದ್ದನ್ನೂ, ಯಾರೂ ಈ ಕಡೆ ತಿರುಗದೆ ಹೋದಾಗ ಮತ್ತೆ ಕೂತದ್ದನ್ನೂ ನಾನು ಪಕ್ಕದಲ್ಲೇ ಇದ್ದು ನೋಡಿದೆ. ಆ ಮನೆಯವರು ಕೆಟ್ಟವರೆಂದು ಆಗಲೂ ನನಗೆ ಅನ್ನಿಸಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದರು, ಜ್ವರ ಬಂದರೆ ವಿಚಾರಿಸಿಕೊಳ್ಳುತ್ತಿದ್ದರು. ಮನೆಯ ಪಟ್ಟಿ ಮಾಡುವಾಗ ಮಾತ್ರ ಅತ್ತೆ ಅವರ ನೆನಪಿಗೆ ಬರುತ್ತಿರಲಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಮೂವರು ಅಣ್ಣಂದಿರೂ ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ಅಷ್ಟರಲ್ಲಿ ವಿಮಾನ ನಿಲ್ದಾಣದ ಕಡೆಯಿಂದ ಬಡಾವಣೆಗಳು ಒಂದೊಂದೇ ಊರು ದಾಟಿಕೊಂಡು ನಮ್ಮ ಹೊಲಗಳ ತನಕ ಬಂದಿದ್ದವು. ಒಂದು ಬೆಳಿಗ್ಗೆ ದೊಡ್ಡಣ್ಣನ ಹಿರಿಯ ಮಗ ನನ್ನ ಅಂಗಡಿಗೆ ಬಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ನಾನು ಅಣ್ಣ ಎಂದೇ ಕರೆಯುವುದು. ನನ್ನ ಅಮ್ಮನಿಗೆ ಎದೆನೋವು ಬಂದಾಗ ತಮ್ಮ ಕಾರಿನಲ್ಲಿ ಹಾಕಿಕೊಂಡು ಹೋಗಿ ಉಳಿಸಿದವರು. ಜಮೀನು ಕೊಡುವ ಮಾತಾಗಿದೆ, ತಾತನ ವಂಶವೃಕ್ಷ ಬೇಕು, ಅರ್ಜಿ ಹಾಕಿಕೊಡಮ್ಮ ಎಂದರು. ತಾತ ಸತ್ತು ಎಷ್ಟೋ ವರ್ಷವಾಗಿತ್ತು. ಅವರ ಮಕ್ಕಳು ಯಾರು, ಆ ಮಕ್ಕಳ ಮಕ್ಕಳು ಯಾರು ಎಂದು ಸರ್ಕಾರ ಬರೆದುಕೊಡುವ ಕಾಗದ ಅದು.

ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ತಂದಿದ್ದರು. ತಾತನ ಹೆಸರು, ಕೆಳಗೆ ಮೂವರು ಗಂಡುಮಕ್ಕಳು. ನನ್ನ ಕೈ ನಿಂತಿತು.

“ಅತ್ತೆ ಹೆಸ್ರು ಬೇಡ್ವಾಣ್ಣ?”

“ಅತ್ತೆಗೆ ಹೇಳಿದೀವಮ್ಮ, ಅವ್ರೇನೂ ಅಂದ್ಕೊಳಲ್ಲ. ಹಾಕುದ್ರೆ ಸುಮ್ನೆ ಅಲೆದಾಟ. ಹೆಬ್ಬೆಟ್ ಬೇರೆ ಬರಲ್ಲ ಅವ್ರುದು, ರಿಜಿಸ್ಟ್ರಿಗೆ ಹೋದ್ರೆ ಕೂರಿಸ್ಕೊಂಡ್ ಬಿಡ್ತಾರೆ. ಅವ್ರುನ್ನ ನಾವು ಬಿಡ್ತೀವಾ ಹೇಳು?”

ನನ್ನ ಅಂಗಡಿಗೆ ಬರುವ ಇಂಥ ಚೀಟಿಗಳಲ್ಲಿ ಹೆಣ್ಣುಮಕ್ಕಳ ಹೆಸರು ಮಾಯವಾಗುವುದು ಹೊಸದೇನೂ ಅಲ್ಲ. ಕೊಟ್ಟ ಮನೆಗೆ ಹೋದವರು ಎಂದು ಬಿಡುತ್ತಾರೆ, ಸಹಿಗೆ ಬರುವುದಿಲ್ಲ ಎಂದು ಬಿಡುತ್ತಾರೆ. ಕೊಟ್ಟಷ್ಟು ಟೈಪ್ ಮಾಡುವುದು ನನ್ನ ಕೆಲಸ ಎಂದು ನಾನು ಯಾವತ್ತೋ ನನಗೆ ಸಮಾಧಾನ ಹೇಳಿಕೊಂಡಾಗಿತ್ತು. ಅಮ್ಮನನ್ನು ಕಾರಿಗೆ ಎತ್ತಿ ಕೂರಿಸಿದ ಮನುಷ್ಯ ಎದುರಿಗಿದ್ದಾರೆ, ಅತ್ತೆಗೆ ಗೊತ್ತಿದೆ ಎನ್ನುತ್ತಾರೆ. ಎದ್ದು ಹೋಗಿ ಒಂದು ಮಾತು ಕೇಳಿ ಬರಬಹುದಿತ್ತು, ಅತ್ತೆಯ ಕೋಣೆ ನಮ್ಮ ಮನೆಯ ಎದುರೇ ಇತ್ತು. ಹೋಗಲಿಲ್ಲ. ಮೂರು ಹೆಸರು ಟೈಪ್ ಮಾಡಿದೆ. ಬೇರೆ ವಾರಸುದಾರರು ಯಾರೂ ಇರುವುದಿಲ್ಲ ಎಂಬ ಪ್ರಮಾಣಪತ್ರದ ಸಾಲನ್ನೂ ನಾನೇ ಟೈಪ್ ಮಾಡಿದೆ. ಮಹಜರಿಗೆ ನೆರೆಹೊರೆಯವರ ಸಾಕ್ಷಿ ಬೇಕು, ನೀನೂ ಒಬ್ಬಳು ಬಾ ಎಂದರು, ಅದಕ್ಕೂ ಹೂಂ ಅಂದೆ.

ಮಹಜರಿನ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಅವರ ಮನೆಮುಂದಿನ ಹೊಂಗೆಮರದಡಿ ಕುರ್ಚಿ ಹಾಕಿದ್ದರು. ಗ್ರಾಮ ಲೆಕ್ಕಿಗರು ಹೊರಗಿನ ಜಿಲ್ಲೆಯಿಂದ ಹೊಸದಾಗಿ ಬಂದಿದ್ದ ಹುಡುಗ, ಮರ್ಯಾದಸ್ಥ. ಎಲ್ಲರನ್ನೂ ಕೇಳಿಯೇ ಬರೆದುಕೊಂಡರು. ಇಬ್ಬರು ಸಹಿ ಹಾಕಿದರು, ಮೂರನೆಯವಳಾಗಿ ನಾನೂ ಹಾಕಿದೆ. ಪೆನ್ನಿನ ಮುಚ್ಚಳ ಹಾಕುತ್ತಿರುವಾಗ ಅತ್ತೆ ಮಡಿಲಲ್ಲಿ ಅಣ್ಣೆಸೊಪ್ಪು ಕಟ್ಟಿಕೊಂಡು ಹೊಲದ ಕಡೆಯಿಂದ ಬಂದರು. ಕಾರು, ಕುರ್ಚಿ, ಕಾಗದಗಳನ್ನೆಲ್ಲ ನೋಡಿದರು. ಅವರ ಮುಖ ನೋಡಿದೊಡನೆ ನನಗೆ ಗೊತ್ತಾಯಿತು. ಅತ್ತೆಗೆ ಯಾರೂ ಏನೂ ಹೇಳಿರಲಿಲ್ಲ.

“ಏನ್ ಸಾಮಿ ಇದು?”

“ವಂಶವೃಕ್ಷ, ಅಜ್ಜಿ. ಮನೇಲಿ ಯಾರ್ಯಾರಿದ್ದಾರೆ ಅಂತ ಬರ್ಕೊಳ್ಳೋದು.”

“ಓದಿ, ಕೇಳನ.”

ಅವರು ಓದಿದರು. ತಾತನ ಹೆಸರು, ಕೆಳಗೆ ಮೂವರು. ಅತ್ತೆ ಸೊಪ್ಪನ್ನು ಕಟ್ಟೆಯ ಮೇಲಿಟ್ಟು, ಅದರ ಪಕ್ಕದಲ್ಲಿ ಕೂತರು. ಜಗುಲಿಯ ಮೇಲೆ ಕೂತಾಗಿನ ದನಿಯಲ್ಲೇ ಮಾತಾಡಿದರು.

“ಒಂದು ಒಗಟು ಕೇಳ್ತೀನಿ ಸಾಮಿ, ನೋಡ್ಕೊಂಡು ಯೋಳಿ. ಒಬ್ಬ ಯಜಮಾನನಿಗೆ ಮೂವರು ಗಂಡುಮಕ್ಕಳು. ಒಬ್ಬೊಬ್ಬನಿಗೂ ಒಬ್ಬ ತಂಗಿ. ಒಟ್ಟು ಮಕ್ಕಳೆಷ್ಟು?”

“ಆರು” ಎಂದು ಲೆಕ್ಕಿಗರು ನಕ್ಕರು.

“ಅಲ್ಲ. ಇವಳ್ಗೆ ಗೊತ್ತೈತೆ, ಇವಳ್ನ ಕೇಳಿ” ಎಂದು ನನ್ನ ಕಡೆ ಕೈ ತೋರಿಸಿದರು.

ಎಲ್ಲರೂ ನನ್ನನ್ನು ನೋಡಿದರು. ನಾಲ್ಕು ಎಂದು ಒಂದೇ ಒಂದು ಮಾತು ಹೇಳಬೇಕಾಗಿತ್ತು. ಹೇಳಿದರೆ ನಾನು ಈಗಷ್ಟೇ ಹಾಕಿದ ಸಹಿ ಸುಳ್ಳು, ಟೈಪ್ ಮಾಡಿದ ಪ್ರಮಾಣಪತ್ರ ಸುಳ್ಳು. ಪೆನ್ನಿನ ಮುಚ್ಚಳವನ್ನು ಇನ್ನೊಮ್ಮೆ ಒತ್ತಿದೆ. ಲೆಕ್ಕಿಗರಿಗೆ ಅನುಮಾನ ಬಂದಿರಬೇಕು, ಈ ಅಜ್ಜಿ ಯಾರು ಎಂದು ಕೇಳಿದರು. ಹಿರಿಯ ಮಗ ಮುಂದೆ ಬಂದರು.

“ನಮ್ಮೂರೋರೇ ಸಾರ್. ಊರಿಗೆಲ್ಲ ಅತ್ತೆ ಆಗ್ಬೇಕು.”

“ನಿಮಗೂ ಅತ್ತೇನಾ?” ಎಂದು ಲೆಕ್ಕಿಗರು ನನ್ನನ್ನು ಕೇಳಿದರು.

“ಹೌದು ಸಾರ್, ನಾನೂ ಅತ್ತೆ ಅಂತಾನೇ ಕರೆಯೋದು” ಎಂದೆ.

ನಾನು ಹೇಳಿದ್ದರಲ್ಲಿ ಸುಳ್ಳು ಎಳ್ಳಷ್ಟೂ ಇರಲಿಲ್ಲ. ಲೆಕ್ಕಿಗರು ತಲೆಯಾಡಿಸಿ, ಹಳ್ಳಿಗಳಲ್ಲಿ ಹಾಗೇ ಎಂದು ಕಾಗದಗಳನ್ನು ಚೀಲಕ್ಕೆ ಸೇರಿಸಿದರು. ಅವರದೇನೂ ತಪ್ಪಿಲ್ಲ, ಮೂವರು ಸಾಕ್ಷಿಗಳು ಸಹಿ ಹಾಕಿದ ಮೇಲೆ ಅವರೇನು ಮಾಡಿಯಾರು? ಅತ್ತೆ ಎದ್ದು ಸೊಪ್ಪನ್ನು ಮಡಿಲಿಗೆ ಹಾಕಿಕೊಂಡರು. ನನ್ನ ಪಕ್ಕ ಬಂದಾಗ ನಿಂತು, ನನಗೊಬ್ಬಳಿಗೇ ಕೇಳುವ ಹಾಗೆ, “ಇದ್ದೋಳ್ನ ಕೊಂದೆಯಲ್ಲೇ” ಎಂದರು. ಬೈಗುಳದ ದನಿಯಲ್ಲ. ಚಿಕ್ಕಂದಿನಲ್ಲಿ ತಪ್ಪು ಉತ್ತರಕ್ಕೆ ಹೇಳುತ್ತಿದ್ದ ದನಿಯೇ.

ಆ ಮೇಲೆ ಅವರು ಯಾರಿಗೂ ಒಗಟು ಕೇಳಲಿಲ್ಲ. ಜಗುಲಿಯ ಮೇಲೆ ಕೂತಿರುತ್ತಿದ್ದರು, ಅಷ್ಟೆ. ಎರಡು ತಿಂಗಳಿಗೆ ಹೊಲದ ಸುತ್ತ ಕಲ್ಲುಕಂಬ ನೆಟ್ಟು ತಂತಿ ಎಳೆದರು. ಅವರ ಮನೆತನದವರನ್ನು ಮಣ್ಣು ಮಾಡುತ್ತಿದ್ದ ಹೊಲದ ಮೂಲೆ ತಂತಿಯ ಒಳಗಾಯಿತು, ಅತ್ತೆಯ ಅಪ್ಪ ಅಮ್ಮನ ಸಮಾಧಿಗಳೂ ಒಳಗಾದವು. ಒಂದು ದಿನ ಜೆಸಿಬಿ ಬಂದು ಬೀದಿಯ ತುದಿಯಲ್ಲಿ ನಿಂತಿತು. ಅತ್ತೆಯ ಕೋಣೆ ಕೆಡವಲು ಇನ್ನೂ ನಾಲ್ಕು ದಿನವಿದೆ ಎಂದರು. ಆ ನಾಲ್ಕೂ ದಿನ ಅದು ಅಲ್ಲೇ ನಿಂತಿತ್ತು. ಅತ್ತೆ ಅದರ ಎದುರೇ ಬಾಗಿಲು ಸಾರಿಸಿ ರಂಗೋಲಿ ಹಾಕಿದರು. ಅಣ್ಣಂದಿರ ಮಕ್ಕಳು ವಿಜಯಪುರದ ಬಸ್ ನಿಲ್ದಾಣದ ಹಿಂದೆ ಒಂದು ಕೋಣೆ ಗೊತ್ತುಮಾಡಿ, ಟ್ರಂಕು, ಬಿಂದಿಗೆ, ಒರಳುಕಲ್ಲನ್ನೂ ತಾವೇ ಹೊತ್ತು ಸಾಗಿಸಿದರು. ಹಿರಿಯ ಮಗ ಕಾರಿನ ಬಾಗಿಲು ತೆಗೆದು ಹಿಡಿದು, “ಹುಷಾರು ಅಮ್ಮಾ” ಎಂದರು. ಅತ್ತೆ ಎಂದು ಕರೆಯಲಿಲ್ಲ. ಮಹಜರಿನ ದಿನದಿಂದ ಆ ಮನೆಯ ಯಾರ ಬಾಯಲ್ಲೂ ಆ ಪದ ಬಂದದ್ದನ್ನು ನಾನು ಕೇಳಲಿಲ್ಲ. ಬಂದರೆ ಯಾರಾದರೂ ಕೇಳಿಸಿಕೊಂಡಾರು ಎಂಬ ಭಯ ಅವರನ್ನು ಹಿಡಿದುಕೊಂಡಿತ್ತು.

ಮೂರು ವಾರ ತಡೆದುಕೊಂಡು ನಾನು ಆ ಕೋಣೆಗೆ ಹೋದೆ. ಬಾಗಿಲಲ್ಲೇ ನಿಂತು, ಅರ್ಜಿ ಟೈಪ್ ಮಾಡಿದ್ದು ನಾನೇ ಅತ್ತೆ ಎಂದೆ.

“ಗೊತ್ತು ಕಣೆ. ಬಾ ಒಳೀಕೆ.”

ಕಾಫಿ ಕಾಸಿ ಕೊಟ್ಟರು. ಇದನ್ನು ಸರಿಮಾಡಲು ದಾರಿಯಿದೆಯೇ ಎಂದು ಕೇಳಿದರು. ಇದೆ, ತಕರಾರು ಅರ್ಜಿ ಹಾಕಬಹುದು, ಮಹಜರಿನಲ್ಲಿ ಸುಳ್ಳು ಸಹಿ ಹಾಕಿದ್ದೆ ಎಂದು ನಾನೇ ಬಂದು ಹೇಳುತ್ತೇನೆ ಎಂದೆ.

“ಹಾಕು. ಮನೆ ಹೋಯ್ತು, ಹೋಗ್ಲಿ. ಅದು ಬ್ಯಾಡ ನಂಗೆ. ನಮ್ಮಪ್ಪನ ಕೆಳಗೆ ನನ್ ಹೆಸ್ರು ಇರ್ಲಿ. ಅಷ್ಟು ಮಾಡು.”

ಅಂದು ಸಂಜೆಯೇ ಅಂಗಡಿಯಲ್ಲಿ ಕೂತು ಅರ್ಜಿ ಟೈಪ್ ಮಾಡಿದೆ. ಅಚ್ಚು ತೆಗೆಯುವ ಮುನ್ನ ಗಂಡ ಒಂದು ಮಾತು ಹೇಳಿದರು: “ನೀನೂ ಒಳಗೆ ಹೋಗ್ತೀಯ ಕಣೆ, ಸುಳ್ಳು ಸಾಕ್ಷಿ ಅಂದ್ರೆ ಕೇಸು. ಸ್ವಲ್ಪ ವಿಚಾರಿಸಿ ಮಾಡು.” ವಿಚಾರಿಸುವುದೆಂದರೆ ಮುಂದೂಡುವುದು. ಯುಗಾದಿ ಕಳೆಯಲಿ, ಹಬ್ಬದ ಮುಂಚೆ ಯಾಕೆ ಮನೆಮನೆಗೆ ಜಗಳ, ಆಮೇಲೆ ಹಾಕೋಣ ಎಂದು ಅತ್ತೆಗೆ ಹೇಳಿದೆ. ಅವರು ಒಪ್ಪಿದರು. ವಾರಕ್ಕೊಮ್ಮೆ ಸೊಪ್ಪುಸದೆ ತೆಗೆದುಕೊಂಡು ಹೋದಾಗ ಬಾಗಿಲು ತೆಗೆಯುತ್ತಲೇ ಕೇಳುತ್ತಿದ್ದರು: “ಹಬ್ಬ ಎಷ್ಟು ದಿನ ಐತೆ?” ಹೇಳುತ್ತಿದ್ದೆ. ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟಕ್ಕೆ ಹೆದರಿ ಆಮೇಲಾಮೇಲೆ ನಾನು ಎರಡು ವಾರಕ್ಕೊಮ್ಮೆ ಹೋಗತೊಡಗಿದೆ. ಹೇಡಿತನವಲ್ಲದೆ ಇನ್ನೇನು ಅದು?

ಹಬ್ಬಕ್ಕೆ ಹನ್ನೊಂದು ದಿನವಿದ್ದಾಗ ಕೋಣೆಯ ಮಾಲೀಕರು ಫೋನ್ ಮಾಡಿದರು. ಹೋದಾಗ ಅತ್ತೆಗೆ ಉಸಿರು ಸಿಗುತ್ತಿರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ, ಮಧ್ಯಾಹ್ನದ ಹೊತ್ತಿಗೆ ಹೋಗಿಬಿಟ್ಟರು. ಕೊನೆಯ ಮಾತೆಂದು ಹೇಳಿಕೊಳ್ಳುವಂಥದ್ದೇನೂ ಆಡಲಿಲ್ಲ, ನೀರು ಕೇಳಿದರು. ಸುದ್ದಿ ತಿಳಿದು ಅಣ್ಣಂದಿರ ಮಕ್ಕಳು 'ಊರಿನವರು' ಎಂಬಂತೆ ಬಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತರು.

ದಾದಿಯೊಬ್ಬರು ಕಾಗದ ಹಿಡಿದು ಹೊರಗೆ ಬಂದರು. “ಸಂಬಂಧಿಕರು ಯಾರು?”

ದಾದಿ ಒಬ್ಬೊಬ್ಬರ ಮುಖವನ್ನೂ ನೋಡಿದರು.

“ರಿಲೇಶನ್ ಯಾರೂ ಇಲ್ವಾ ಅಜ್ಜಿಗೆ?”

ಐದು ಜನ ಗಂಡಸರು, ಒಬ್ಬೊಬ್ಬರ ಮೂಗು ಹಣೆಯೂ ಒಳಗೆ ಮಲಗಿದ್ದವರದೇ. ಹೌದು ಎಂದರೆ ವಂಶವೃಕ್ಷ ಸುಳ್ಳಾಗುತ್ತದೆ, ಜಮೀನಿನ ಪತ್ರ ಸುಳ್ಳಾಗುತ್ತದೆ. ನೆಲ ನೋಡುತ್ತಾ ನಿಂತರು. ನಾನು ಮುಂದೆ ಹೋಗಿ ಕಾಗದ ಇಸಿದುಕೊಂಡೆ. ಸಂಬಂಧ ಎಂಬಲ್ಲಿ ನೆರೆಮನೆಯವಳು ಎಂದು ಬರೆದೆ. ಮುಂದಿನ ಕಾಲಂ ತಂದೆ ಅಥವಾ ಗಂಡನ ಹೆಸರಿನದು. ಅಷ್ಟು ಹೊತ್ತಿಗೆ ಹಿರಿಯ ಮಗ ನನ್ನ ಹಿಂದೆ ಬಂದಿದ್ದರು. “ಗಂಡನ ಹೆಸ್ರೇ ಹಾಕ್ಬಿಡಮ್ಮ” ಎಂದು ಪಿಸುಗುಟ್ಟಿದರು. ಅವರ ಕಡೆ ತಿರುಗದೆ ನಾನು ಅವರ ತಾತನ ಹೆಸರು ಬರೆದೆ.

ಹೊಲದ ಮೂಲೆ ಇರಲಿಲ್ಲವಾದ್ದರಿಂದ ಊರ ಸ್ಮಶಾನದಲ್ಲೇ ಮಣ್ಣು ಮಾಡಿದೆವು. ಮುಂದೆ ನಿಂತು ಕಾರ್ಯ ಮಾಡಿದವರು ನನ್ನ ಗಂಡ. ಬೀದಿಯ ಹುಡುಗರ ಕೈಯಲ್ಲೆಲ್ಲ ಮೊಬೈಲ್ ಇದ್ದವು, ಯಾರಾದರೂ ಫೋಟೊ ತೆಗೆದರೆ ಎಂದು ಅಣ್ಣಂದಿರ ಮಕ್ಕಳು ರಸ್ತೆಯಿಂದ ಈಚೆ ಬರಲಿಲ್ಲ. ಮೂರನೆಯ ದಿನದ ಹಾಲುತುಪ್ಪಕ್ಕೆ ನಾವು ಬೆಳಿಗ್ಗೆ ಏಳಕ್ಕೆಲ್ಲ ಹೋದರೆ, ಗುಡ್ಡೆಯ ಮೇಲೆ ಆಗಲೇ ಹಾಲು ಹುಯ್ದು ಆಗಿತ್ತು. ಬಾಳೆಲೆಯ ಮೇಲೆ ಎಡೆಯಿತ್ತು. ಅತ್ತೆಗೆ ಪ್ರಿಯ ಎಂದು ನಾವು ಒಬ್ಬಟ್ಟು ತಂದಿದ್ದೆವು. ಅಲ್ಲಿ ಇಟ್ಟಿದ್ದದ್ದು ಹುರುಳಿಕಾಳು ಬಸ್ಸಾರು, ಮುದ್ದೆ, ಬೆಲ್ಲ ಹಾಕಿದ ಗಸಗಸೆ ಪಾಯಸ. ಅವರಿಗೆ ಗಸಗಸೆ ಪಾಯಸ ಇಷ್ಟವೆಂದು ಇಷ್ಟು ವರ್ಷ ಎದುರು ಮನೆಯಲ್ಲಿದ್ದ ನನಗೆ ಗೊತ್ತಿರಲಿಲ್ಲ.

ಹಿರಿಯ ಮಗ ಒಂದು ವಾರ ಊರಲ್ಲಿ ಕಾಣಲಿಲ್ಲ. ಆಮೇಲೆ ಕಂಡಾಗ ತಲೆ, ಮೀಸೆ ಎರಡೂ ಬೋಳಿಸಿತ್ತು. ತಿರುಪತಿಗೆ ಹೋಗಿದ್ದೆ, ಹರಕೆಯಿತ್ತು ಎಂದು ಕೇಳಿದವರಿಗೆಲ್ಲ ಹೇಳಿದರು. ಬೀದಿಯಲ್ಲಿ ಯಾರ ಮನೆಗೂ ಲಡ್ಡು ಬರಲಿಲ್ಲ, ಯಾಕೆಂದು ಯಾರೂ ಕೇಳಲಿಲ್ಲ.

ಅತ್ತೆಯ ಮರಣ ಪ್ರಮಾಣಪತ್ರ ನನ್ನ ಕೈಗೆ ಬಂದು ಎರಡು ದಿನವಾಗಿರಬಹುದು, ಅವರು ಅಂಗಡಿಗೆ ಬಂದರು. ಕೂದಲು ಮುಳ್ಳುಮುಳ್ಳಾಗಿ ಚಿಗುರುತ್ತಿತ್ತು. ಹೊರಗೆ ಯಾರಿದ್ದಾರೆಂದು ತಿರುಗಿ ನೋಡಿ, ಮೆಲ್ಲಗೆ ಕೇಳಿದರು. “ಅತ್ತೇದು ಬಂತಾ?”

ಕೊಟ್ಟೆ. ತಂದೆಯ ಹೆಸರಿನ ಮೇಲೆ ಬೆರಳಿಟ್ಟರು.

“ಇದ್ನ ತೆಗ್ಸಕ್ಕಾಗಲ್ವಾ?”

“ಆಗಲ್ಲಣ್ಣ.”

“ಯಾರಾದ್ರೂ ಎರಡೂ ಕಾಗದ ಜೋಡ್ಸಿ ನೋಡುದ್ರೆ?”

“ನೋಡುದ್ರೆ ಗೊತ್ತಾಗುತ್ತೆ.”

ಗಿರಾಕಿಗಳ ಸ್ಟೂಲಿನ ಮೇಲೆ ಕೂತು, ಬೋಳುತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಆ ದೊಡ್ಡ ಮನುಷ್ಯ ಅತ್ತುಬಿಟ್ಟರು. ಬೈಯಬೇಕೆಂದು ಎಷ್ಟೋ ದಿನದಿಂದ ಕಾದಿದ್ದೆ. ಬೈಯುವ ಯೋಗ್ಯತೆ ನನಗಾದರೂ ಎಲ್ಲಿತ್ತು? ಅತ್ತೆಯನ್ನು ಬಿಟ್ಟು ಟೈಪ್ ಮಾಡಿದ್ದು ನನ್ನ ಕೈ. ಅವರು ಮುಖ ಒರೆಸಿಕೊಂಡು, ಒಂದು ಪ್ರತಿ ಮಾಡಿಸಿಕೊಂಡು ಹೋದರು. ಅದನ್ನು ಇಟ್ಟುಕೊಂಡರೋ ಸುಟ್ಟರೋ ತಿಳಿಯದು.

ತಾತನಿಗೆ ಮೂರೇ ಮಕ್ಕಳು ಎನ್ನುವ ಕಾಗದ ಒಂದು ಕಚೇರಿಯಲ್ಲಿದೆ, ಅವನಿಗೊಬ್ಬಳು ಮಗಳಿದ್ದಳು ಎನ್ನುವ ಕಾಗದ ಇನ್ನೊಂದರಲ್ಲಿ. ಅತ್ತೆ ಕೇಳಿದ್ದು ಸತ್ತ ಮೇಲಿನ ಕಾಗದವನ್ನಲ್ಲ. ನಾನು ಟೈಪ್ ಮಾಡಿದ ತಕರಾರು ಅರ್ಜಿ ಅಂಗಡಿಯ ಕಂಪ್ಯೂಟರಿನಲ್ಲಿ ಹಾಗೇ ಇದೆ. ಅರ್ಜಿದಾರರ ಜಾಗದಲ್ಲಿ ಅತ್ತೆಯ ಹೆಸರಿದೆ, ಸತ್ತವರ ಹೆಸರಿನಲ್ಲಿ ಅರ್ಜಿ ನಡೆಯುವುದಿಲ್ಲ. ಇನ್ನು ಹಾಕುವುದಾದರೆ ಆ ಜಾಗದಲ್ಲಿ ನನ್ನ ಹೆಸರು ಬರೆದು, ನಾನು ಸುಳ್ಳು ಹೇಳಿದೆ ಎಂದೇ ಶುರುಮಾಡಬೇಕು. ಎರಡು ಮೂರು ಸಲ ತೆರೆದು, ನನ್ನ ಹೆಸರಿನ ಮೊದಲಕ್ಷರದವರೆಗೆ ಬರೆದು, ಅಳಿಸಿ, ಮುಚ್ಚಿದ್ದೇನೆ. ಮೊನ್ನೆ ಇನ್ನೊಂದು ಯುಗಾದಿಯೂ ಕಳೆಯಿತು.